ಅನುಮಾನಕ್ಕೊಂದು ಅಳತೆಗೋಲು

1992ರ ಮೇ ತಿಂಗಳ ಒಂದು ಬೆಳಗಿನ ಜಾವ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೆದ್ದಾರಿಯಲ್ಲಿ ಪೊಲೀಸರು ಒಂದು ಬಾಡಿಗೆ ಕಾರನ್ನು ಅಡ್ಡಹಾಕಿದರು. ಒಳಗಿದ್ದವರೆಲ್ಲ ಒಂದೇ ಮನೆಯ ಕಪ್ಪುವರ್ಣೀಯರು. ಶಿಕಾಗೋದಲ್ಲಿ ಮನೆಯ ಹಿರಿಯರ ಅಂತ್ಯಕ್ರಿಯೆ ಮುಗಿಸಿಕೊಂಡು, ರಾತ್ರಿಯಿಡೀ ಪ್ರಯಾಣ ಮಾಡಿ ವಾಷಿಂಗ್ಟನ್ನಿಗೆ ಮರಳುತ್ತಿದ್ದರು. ಕಾರು ಮಿತಿ ಮೀರಿದ ವೇಗದಲ್ಲಿತ್ತು, ಅದೇನೋ ನಿಜ. ಆದರೆ ಪೊಲೀಸರಿಗೆ ದಂಡದ ಚೀಟಿ ಹರಿಯುವುದಕ್ಕಿಂತ ಕಾರನ್ನು ಜಾಲಾಡುವುದರಲ್ಲೇ ಹೆಚ್ಚು ಆಸಕ್ತಿಯಿತ್ತು. ಒಪ್ಪಿಗೆ ಕೇಳಿದರು. ಅವರ ದುರದೃಷ್ಟಕ್ಕೆ, ತೀರಿಕೊಂಡವರ ಮೊಮ್ಮಗ ರಾಬರ್ಟ್ ವಿಲ್ಕಿನ್ಸ್ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರಾಗಿದ್ದವರು. ಸಕಾರಣ ಅನುಮಾನವಿಲ್ಲದೆ ತಮ್ಮನ್ನು ಹೀಗೆ ನಿಲ್ಲಿಸಿಕೊಳ್ಳುವಂತಿಲ್ಲ ಎಂದು ಅವರು ಸುಪ್ರೀಂ ಕೋರ್ಟ್ ತೀರ್ಪನ್ನೇ ಉಲ್ಲೇಖಿಸಿ ಹೇಳಿದರು. ಉಪಯೋಗವಾಗಲಿಲ್ಲ. ಪೊಲೀಸ್ ನಾಯಿ ಬಂತು. ಮಳೆಯಲ್ಲಿ ಎಲ್ಲರನ್ನೂ ಕಾರಿನಿಂದ ಇಳಿಸಿ ರಸ್ತೆಯಂಚಿಗೆ ನಿಲ್ಲಿಸಿದರು. ನಾಯಿ ಕಾರಿನ ಸುತ್ತ ಮೂಸಿತು. ಏನೂ ಸಿಗಲಿಲ್ಲ.

ವಿಲ್ಕಿನ್ಸ್ ಕೋರ್ಟಿಗೆ ಹೋದರು. ವಿಚಾರಣೆಯ ಹಂತದಲ್ಲಿ ಪೊಲೀಸ್ ಇಲಾಖೆಯ ಒಂದು ಒಳಪತ್ರ ಹೊರಬಿತ್ತು. ಆ ಪ್ರದೇಶದಲ್ಲಿ ಮಾದಕವಸ್ತು ಸಾಗಿಸುವವರು ಮುಖ್ಯವಾಗಿ ಕಪ್ಪುವರ್ಣೀಯರು ಎಂಬ ಎಚ್ಚರಿಕೆ ಅದರಲ್ಲಿತ್ತು. 1995ರಲ್ಲಿ ರಾಜಿಯಾಯಿತು. ರಾಜಿಯ ಷರತ್ತುಗಳಲ್ಲಿ ಒಂದು ಮಾತ್ರ ನಮ್ಮ ವಿಷಯಕ್ಕೆ ಬಹಳ ಮುಖ್ಯ: ಇನ್ನು ಮುಂದೆ ಕಾರು ಜಾಲಾಡಿದಾಗಲೆಲ್ಲ ಯಾರನ್ನು ತಡೆದೆವು, ಅವರ ಜನಾಂಗ ಯಾವುದು, ಏನು ಸಿಕ್ಕಿತು ಎಂಬುದನ್ನು ಪೊಲೀಸರು ಬರೆದಿಡಬೇಕು. (ವಿಲ್ಕಿನ್ಸ್ ಮುಂದೆ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು.)

ಮೈಬಣ್ಣ, ಮೂಲ, ಮುಖಚಹರೆ ನೋಡಿ ಅನುಮಾನಿಸುವುದಕ್ಕೆ ಜನಾಂಗೀಯ ಪ್ರೊಫೈಲಿಂಗ್ ಎನ್ನುತ್ತಾರೆ. ಇದು ಅನ್ಯಾಯ ಎಂದು ಹೇಳುವುದು ಸುಲಭ, ನಡೆದಿದೆ ಎಂದು ತೋರಿಸುವುದು ಕಷ್ಟ. ಪೊಲೀಸ್ ಅಧಿಕಾರಿಯ ಮನಸ್ಸಿನೊಳಗೆ ಇಣುಕಲು ಯಾವ ಯಂತ್ರವೂ ಇಲ್ಲ. ಕೇಳಿದರೆ ಆತ ವೇಗ ಮಿತಿಮೀರಿತ್ತು, ಹಿಂದಿನ ದೀಪ ಉರಿಯುತ್ತಿರಲಿಲ್ಲ ಎನ್ನುತ್ತಾನೆ. ಅದು ಸುಳ್ಳೂ ಆಗಿರುವುದಿಲ್ಲ. ಸಾಲದ್ದಕ್ಕೆ 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಂಚಾರ ನಿಯಮ ಮುರಿದದ್ದು ನಿಜವಾಗಿದ್ದರೆ ಸಾಕು, ತಡೆದ ಅಧಿಕಾರಿಯ ಒಳ ಉದ್ದೇಶ ಏನೇ ಇರಲಿ ತಡೆದದ್ದು ಕಾನೂನುಬದ್ಧ ಎಂದು ತೀರ್ಪು ಕೊಟ್ಟಿತು. ಅಲ್ಲಿಗೆ ಒಂದೊಂದೇ ಪ್ರಕರಣ ಹಿಡಿದು ಪಕ್ಷಪಾತ ತೋರಿಸುವ ದಾರಿ ಬಹುತೇಕ ಮುಚ್ಚಿತು. ಉಳಿದದ್ದು ಸಾವಿರಾರು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕುವ ದಾರಿ. ಕಳೆದ ಮೂರು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು ಆ ದಾರಿಯಲ್ಲಿ ನಡೆದಿದ್ದಾರೆ, ಎಡವಿದ್ದಾರೆ, ಒಬ್ಬರನ್ನೊಬ್ಬರು ತಿದ್ದಿದ್ದಾರೆ.

ಮೊದಲ ತೊಡಕು ಛೇದದ್ದು. ತಡೆದ ನೂರು ಕಾರುಗಳಲ್ಲಿ ಮೂವತ್ತೈದು ಕಪ್ಪುವರ್ಣೀಯರದ್ದು ಎಂದಿಟ್ಟುಕೊಳ್ಳಿ. ಇದು ಹೆಚ್ಚೋ ಕಡಿಮೆಯೋ? ಯಾವುದಕ್ಕೆ ಹೋಲಿಸಿ? ರಾಜ್ಯದ ಜನಸಂಖ್ಯೆಗೆ ಹೋಲಿಸಿದರೆ ತಪ್ಪಾಗುತ್ತದೆ. ಹೆದ್ದಾರಿಯಲ್ಲಿ ಓಡಾಡುವವರೆಲ್ಲ ಆ ರಾಜ್ಯದವರೇ ಅಲ್ಲ. ಚಾಲನಾ ಪರವಾನಗಿ ಇದ್ದವರ ಸಂಖ್ಯೆಗೆ ಹೋಲಿಸಿದರೂ ಸಾಲದು. ಒಂದು ಗುಂಪಿನವರೇ ಹೆಚ್ಚು ವೇಗವಾಗಿ ಓಡಿಸುತ್ತಾರೇನೋ ಎಂಬ ಪ್ರಶ್ನೆ ಉಳಿಯುತ್ತದೆ. ಬೇಕಾದದ್ದು ಆ ರಸ್ತೆಯಲ್ಲಿ, ಆ ಹೊತ್ತಿನಲ್ಲಿ, ನಿಯಮ ಮುರಿದವರ ಲೆಕ್ಕ. ಅದನ್ನು ಯಾರು ಇಟ್ಟಿರುತ್ತಾರೆ?

ಯಾರೂ ಇಟ್ಟಿರಲಿಲ್ಲ. ಆದ್ದರಿಂದ ಟೆಂಪಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಲ್ಯಾಂಬರ್ತ್ 1993ರಲ್ಲಿ ತಾವೇ ಎಣಿಸಲು ಹೊರಟರು. ನ್ಯೂಜೆರ್ಸಿ ಟರ್ನ್‌ಪೈಕ್ ಎಂಬ ಹೆದ್ದಾರಿಯ ಪಕ್ಕದಲ್ಲಿ ದುರ್ಬೀನು ಹಿಡಿದ ತಂಡವನ್ನು ಕೂರಿಸಿದರು. 42,000ಕ್ಕೂ ಹೆಚ್ಚು ಕಾರುಗಳನ್ನು ಆ ತಂಡ ನೋಡಿತು. ಇದು ರಸ್ತೆಯಲ್ಲಿ ಯಾರಿದ್ದಾರೆ ಎಂಬುದರ ಲೆಕ್ಕ. ವೇಗ ಮೀರಿದವರು ಯಾರು ಎಂದು ತಿಳಿಯಲು ಮಾಡಿದ ಉಪಾಯ ಇನ್ನೂ ಸೊಗಸಾಗಿತ್ತು. ವೇಗಮಿತಿ ಗಂಟೆಗೆ 55 ಮೈಲಿ ಇದ್ದ ಆ ರಸ್ತೆಯಲ್ಲಿ ಒಂದು ಕಾರು ಸರಿಯಾಗಿ 60 ಮೈಲಿ ವೇಗದಲ್ಲೇ ಸಾಗಬೇಕು. ಅದನ್ನು ಹಿಂದಿಕ್ಕಿದವರೆಲ್ಲ ನಿಯಮ ಮುರಿದವರು, ಅದರ ಹಿಂದೆ ಉಳಿದವರು ಅಲ್ಲ. ಹಿಂದಿಕ್ಕುವ ಪ್ರತಿ ಕಾರಿನ ಚಾಲಕ ಕಪ್ಪೋ ಬಿಳಿಯೋ ಎಂದು ಟೇಪ್ ರೆಕಾರ್ಡರ್‌ಗೆ ಹೇಳುತ್ತ ಹೋಗುವುದು, ಅಷ್ಟೇ ಕೆಲಸ. ಫಲಿತಾಂಶದಲ್ಲಿ ಒಂದು ತಮಾಷೆಯೂ ಇತ್ತು: ನೂರಕ್ಕೆ 98 ಮಂದಿ ವೇಗಮಿತಿ ಮೀರುತ್ತಿದ್ದರು. ಅಂದರೆ ಪೊಲೀಸರು ಬೇಕೆಂದರೆ ಯಾರನ್ನಾದರೂ ತಡೆಯಬಹುದಿತ್ತು. ತಡೆದದ್ದು ಯಾರನ್ನು ಎಂಬುದೇ ಪ್ರಶ್ನೆ. ಕಪ್ಪುವರ್ಣೀಯರಿದ್ದ ಕಾರುಗಳು ರಸ್ತೆಯಲ್ಲಿ ಶೇ. 13.5, ವೇಗ ಮೀರಿದವರಲ್ಲಿ ಶೇ. 15, ಪೊಲೀಸರು ತಡೆದವರಲ್ಲಿ ಸುಮಾರು ಶೇ. 35. ಬಂಧನಕ್ಕೊಳಗಾದವರಲ್ಲಂತೂ ಶೇ. 73. ಕಾಕತಾಳೀಯವಾಗಿ ಇಷ್ಟು ಅಂತರ ಬರಲಾರದು ಎಂದು ಒಪ್ಪಿದ ನ್ಯೂಜೆರ್ಸಿಯ ನ್ಯಾಯಾಲಯ, 1996ರಲ್ಲಿ ಹಾಗೆ ಸಂಗ್ರಹಿಸಿದ ಸಾಕ್ಷ್ಯಗಳನ್ನು ತಳ್ಳಿಹಾಕಿತು.

ರಸ್ತೆ ಬದಿಯಲ್ಲಿ ಜನರನ್ನು ಕೂರಿಸಿ ಎಣಿಸುವುದು ದುಬಾರಿ ಬಾಬತ್ತು, ಪ್ರತಿ ರಸ್ತೆಗೂ ಆಗದ ಮಾತು. 2006ರಲ್ಲಿ ಜೆಫ್ರಿ ಗ್ರಾಗರ್ ಮತ್ತು ಗ್ರೆಗ್ ರಿಜ್‌ವೇ ಛೇದದ ಗೋಜನ್ನೇ ಬಿಟ್ಟು, ಸೂರ್ಯನನ್ನು ಸಹಾಯಕ್ಕೆ ಕರೆದರು. ಕತ್ತಲಾದ ಮೇಲೆ ಓಡುವ ಕಾರಿನೊಳಗೆ ಕೂತವರ ಮೈಬಣ್ಣ ದೂರದಿಂದ ಕಾಣುವುದು ಕಷ್ಟ. ಬಣ್ಣ ನೋಡಿ ತಡೆಯುವ ಚಾಳಿ ಇದ್ದರೆ ಬೆಳಕಿದ್ದಾಗ ಕಪ್ಪುವರ್ಣೀಯರ ಪಾಲು ಹೆಚ್ಚಿರಬೇಕು, ಕತ್ತಲಲ್ಲಿ ಇಳಿಯಬೇಕು. ಆದರೆ ಹಗಲಲ್ಲಿ ರಸ್ತೆಗಿಳಿಯುವವರೇ ಬೇರೆ, ರಾತ್ರಿ ಓಡಾಡುವವರೇ ಬೇರೆ ಇರಬಹುದಲ್ಲ? ಅದಕ್ಕೂ ಪರಿಹಾರವಿದೆ. ಸಂಜೆ ಏಳು ಗಂಟೆ ಬೇಸಿಗೆಯಲ್ಲಿ ಬೆಳಕು, ಚಳಿಗಾಲದಲ್ಲಿ ಕಡುಗತ್ತಲು. ಗಡಿಯಾರದಲ್ಲಿ ಅದೇ ಏಳು ಗಂಟೆ, ಕೆಲಸ ಮುಗಿಸಿ ಮನೆಗೆ ಹೊರಟವರು ಹೆಚ್ಚುಕಡಿಮೆ ಅವರೇ, ಬದಲಾಗಿದ್ದು ಬೆಳಕೊಂದೇ. ಅದೇ ಹೊತ್ತನ್ನು ಬೇರೆ ಬೇರೆ ಋತುಗಳಲ್ಲಿ ಹೋಲಿಸಿದರೆ ಸಾಕು.

ಮೊದಲ ಪ್ರಯೋಗ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ. ಅಲ್ಲಿ ತಡೆಯುವ ಹಂತದಲ್ಲಿ ಪಕ್ಷಪಾತದ ಸ್ಪಷ್ಟ ಗುರುತು ಸಿಗಲಿಲ್ಲ, ಲೇಖಕರು ಅದನ್ನು ಹಾಗೆಯೇ ಬರೆದರು. ಹದಿನಾಲ್ಕು ವರ್ಷಗಳ ನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಮ್ಮಾ ಪಿಯರ್ಸನ್ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು ಇಡೀ ದೇಶಕ್ಕೆ ಹಿಗ್ಗಿಸಿದರು. ಅವರು ಕಲೆಹಾಕಿದ ದಾಖಲೆ ಸುಮಾರು ಹತ್ತು ಕೋಟಿ ವಾಹನ ತಡೆಗಳದ್ದು. ಟೆಕ್ಸಸ್‌ನ ಹೆದ್ದಾರಿ ಪೊಲೀಸರ ಒಂದು ಉದಾಹರಣೆ ನೋಡಿ: ಸಂಜೆ 7ರಿಂದ 7.15ರ ನಡುವೆ ಬೆಳಕಿದ್ದ ದಿನಗಳಲ್ಲಿ ತಡೆದವರಲ್ಲಿ ಕಪ್ಪುವರ್ಣೀಯರು ಸುಮಾರು ಶೇ. 25, ಅದೇ ಹೊತ್ತಿಗೆ ಕತ್ತಲಾಗಿದ್ದ ದಿನಗಳಲ್ಲಿ ಶೇ. 22. ವ್ಯತ್ಯಾಸ ಮೂರೇ ಅಂಶ ಅನ್ನಿಸಬಹುದು. ಆದರೆ ಬೀದಿದೀಪಗಳಿವೆ, ಕಾರಿನ ಮಾದರಿ ನೋಡಿಯೂ ಊಹಿಸುತ್ತಾರೆ. ಕತ್ತಲು ಬಣ್ಣವನ್ನು ಪೂರ್ತಿ ಅಳಿಸುವುದಿಲ್ಲ. ಅಷ್ಟಿದ್ದೂ ಇಳಿತ ಕಂಡಿತು, ದೇಶದ ಒಟ್ಟು ಲೆಕ್ಕದಲ್ಲೂ ಕಂಡಿತು. ಅಂದಹಾಗೆ, ಈ ಪರೀಕ್ಷೆ ನಮ್ಮಲ್ಲಿ ಅಷ್ಟಾಗಿ ನಡೆಯದು. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವ ಹೊತ್ತು ಹೆಚ್ಚೆಂದರೆ ಒಂದು ಗಂಟೆ ಆಚೀಚೆ ಆಗುತ್ತದೆ. ಅಮೆರಿಕದವರಂತೆ ಗಡಿಯಾರವನ್ನೂ ನಾವು ವರ್ಷಕ್ಕೆರಡು ಸಲ ತಿರುಗಿಸುವುದಿಲ್ಲ.

ತಡೆದ ಮೇಲಿನ ಹೆಜ್ಜೆ ಜಾಲಾಡುವುದು. ಇಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರಿಂದ ಬಂದ ಒಂದು ಯೋಚನೆ ಕೆಲಸಕ್ಕೆ ಬರುತ್ತದೆ. ಯಾರನ್ನು ಜಾಲಾಡಿದರು ಎಂದು ಕೇಳಬೇಡಿ, ಜಾಲಾಡಿದಾಗ ಎಷ್ಟು ಸಲ ಏನಾದರೂ ಸಿಕ್ಕಿತು ಎಂದು ಕೇಳಿ. ಬಿಳಿಯರನ್ನು ಜಾಲಾಡಿದಾಗ ನೂರಕ್ಕೆ ಮೂವತ್ತು ಸಲ ಸರಕು ಸಿಕ್ಕಿ, ಕಪ್ಪುವರ್ಣೀಯರಲ್ಲಿ ಹತ್ತೇ ಸಲ ಸಿಕ್ಕರೆ, ಕಪ್ಪುವರ್ಣೀಯರ ವಿಷಯದಲ್ಲಿ ಸಣ್ಣ ಅನುಮಾನಕ್ಕೇ ಕೈಹಾಕುತ್ತಿದ್ದಾರೆ ಎಂದಾಯಿತು. ವಿಲ್ಕಿನ್ಸ್ ರಾಜಿಯಿಂದಾಗಿ ಮೇರಿಲ್ಯಾಂಡ್‌ನಲ್ಲಿ ಇಂಥ ದಾಖಲೆ ಸಿಕ್ಕಿತಲ್ಲ, ಲ್ಯಾಂಬರ್ತ್ ಅದನ್ನು ಬಿಡಿಸಿ ನೋಡಿದರು. ಅಲ್ಲಿನ ಒಂದು ಹೆದ್ದಾರಿಯಲ್ಲಿ 1995-96ರಲ್ಲಿ ಜಾಲಾಡಿಸಿಕೊಂಡವರಲ್ಲಿ ಶೇ. 73ರಷ್ಟು ಕಪ್ಪುವರ್ಣೀಯರು. ಸರಕು ಸಿಕ್ಕ ಪ್ರಮಾಣ ಕಪ್ಪುವರ್ಣೀಯರಲ್ಲಿ ಶೇ. 28.4, ಬಿಳಿಯರಲ್ಲಿ ಶೇ. 28.8. ಹೆಚ್ಚುಕಡಿಮೆ ಸಮ.

ಈ ಸಮ ಎಂಬುದನ್ನು ಹೇಗೆ ಓದಬೇಕು? 2001ರಲ್ಲಿ ನೋಲ್ಸ್, ಪರ್ಸಿಕೊ, ಟಾಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮೇರಿಲ್ಯಾಂಡ್‌ನ ಅಂಕಿಗಳನ್ನೇ ಹಿಡಿದು, ಪೊಲೀಸರಿಗೆ ದ್ವೇಷವಿಲ್ಲ, ಹೆಚ್ಚು ಸರಕು ಹಿಡಿಯುವ ಲೆಕ್ಕಾಚಾರದಲ್ಲಿ ಬಣ್ಣವನ್ನು ಒಂದು ಸುಳಿವಾಗಿ ಬಳಸುತ್ತಾರೆ ಅಷ್ಟೇ ಎಂದರು. ಪ್ರೊಫೈಲಿಂಗ್ ಪರವಾದ ಅತಿ ಗಟ್ಟಿ ವಾದ ಇದೇ, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಇದರಲ್ಲಿ ಒಂದು ಗಣಿತದ ಬಿರುಕಿದೆ. ಬಣ್ಣವನ್ನು ಲೆಕ್ಕಿಸದ ಒಬ್ಬ ಅಧಿಕಾರಿಯನ್ನು ಊಹಿಸಿಕೊಳ್ಳಿ. ಸರಕು ಸಿಗುವ ಸಾಧ್ಯತೆ ನೂರಕ್ಕೆ ಹತ್ತನ್ನು ದಾಟಿದರೆ ಜಾಲಾಡುವುದು, ಇಲ್ಲದಿದ್ದರೆ ಬಿಡುವುದು, ಇದೇ ಅವನ ನಿಯಮ. ಒಂದು ಗುಂಪಿನಲ್ಲಿ ಅನುಮಾನ ಹುಟ್ಟಿಸುವವರ ಬಳಿ ನೂರಕ್ಕೆ 75 ಸಲ ಸರಕಿರುತ್ತದೆ, ಇನ್ನೊಂದು ಗುಂಪಿನಲ್ಲಿ ಅಂಥವರ ಬಳಿ 50 ಸಲ. ಅಧಿಕಾರಿ ನಿಷ್ಪಕ್ಷಪಾತಿ, ಆದರೂ ಸರಕು ಸಿಕ್ಕ ಪ್ರಮಾಣ 75 ಮತ್ತು 50 ಎಂದು ಬರುತ್ತದೆ, ನೋಡಿದವರಿಗೆ ಪಕ್ಷಪಾತ ಕಾಣುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ: ಪಕ್ಷಪಾತವಿದ್ದೂ ಎರಡು ಪ್ರಮಾಣಗಳು ಸಮವಾಗಿ ಬರಬಹುದು. ಸರಾಸರಿಯನ್ನು ನೋಡಿದರೆ ಸಾಲದು, ಯಾವ ಮಟ್ಟದ ಅನುಮಾನಕ್ಕೆ ಅಧಿಕಾರಿ ಡಿಕ್ಕಿ ತೆಗೆಸುತ್ತಾನೆ ಎಂಬ ಗೆರೆಯನ್ನೇ ಅಂದಾಜಿಸಬೇಕು. ಸ್ಟ್ಯಾನ್‌ಫರ್ಡ್ ತಂಡ ಅದಕ್ಕೆಂದೇ ಒಂದು ಸಂಖ್ಯಾಶಾಸ್ತ್ರೀಯ ವಿಧಾನ ಕಟ್ಟಿತು. ಅದರ ಪ್ರಕಾರ ಕಪ್ಪುವರ್ಣೀಯರನ್ನೂ ಹಿಸ್ಪಾನಿಕ್ ಮೂಲದವರನ್ನೂ ಜಾಲಾಡಲು, ಬಿಳಿಯರನ್ನು ಜಾಲಾಡಲು ಬೇಕಾದದ್ದಕ್ಕಿಂತ ಕಡಿಮೆ ಅನುಮಾನವೇ ಸಾಕಾಗುತ್ತಿತ್ತು.

ಪೊಲೀಸರ ಅನುಭವ, ಆರನೆಯ ಇಂದ್ರಿಯ ಎಂಬ ಮಾತನ್ನೂ ಇಲ್ಲೇ ಸ್ವಲ್ಪ ಪರೀಕ್ಷಿಸಬಹುದು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಮಾದಕವಸ್ತು ಸಾಗಿಸುವವರನ್ನು ಗುರುತಿಸಲು 1970ರ ದಶಕದಿಂದ ಒಂದು ಲಕ್ಷಣಪಟ್ಟಿ ಬಳಕೆಯಲ್ಲಿತ್ತು. 1989ರ ಒಂದು ಪ್ರಕರಣದಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಆವರೆಗೆ ಕೋರ್ಟುಗಳ ಮುಂದೆ ಬಂದಿದ್ದ ಲಕ್ಷಣಗಳನ್ನು ಒಂದೆಡೆ ಪೋಣಿಸಿದರು. ವಿಮಾನದಿಂದ ಮೊದಲು ಇಳಿದವನ ಮೇಲೆ ಅನುಮಾನ. ಕೊನೆಗೆ ಇಳಿದವನ ಮೇಲೂ ಅನುಮಾನ. ನಡುವೆ ಇಳಿದವನನ್ನೂ ಬಿಟ್ಟಿಲ್ಲ. ಹೋಗುವ ಟಿಕೆಟ್ ಮಾತ್ರ ಕೊಂಡವನು, ಹೋಗಿಬರುವ ಟಿಕೆಟ್ ಕೊಂಡವನು. ಒಂಟಿಯಾಗಿ ಬಂದವನು, ಜೊತೆಗಾರನೊಂದಿಗೆ ಬಂದವನು. ಗಾಬರಿಯಲ್ಲಿದ್ದವನು, ಅತಿ ಶಾಂತನಾಗಿದ್ದವನು. ಎಲ್ಲರೂ ಪಟ್ಟಿಗೆ ಹೊಂದುತ್ತಾರೆ! ಹೀಗೆ ಎಲ್ಲರಿಗೂ ಹೊಂದುವ ಪಟ್ಟಿ ಕೈಯಲ್ಲಿದ್ದಾಗ ಕೊನೆಗೆ ಯಾರನ್ನು ತಡೆಯಬೇಕೆಂದು ನಿರ್ಧರಿಸುವುದು ಪಟ್ಟಿಯಲ್ಲಿ ಬರೆಯದೇ ಇರುವ ಇನ್ನೊಂದು ಲಕ್ಷಣ.

ಅದೇ ದೇಶದ ಕಸ್ಟಮ್ಸ್ ಇಲಾಖೆ ಇಂಥದ್ದೇ ತನ್ನ ಪಟ್ಟಿಯನ್ನು ಮೊಟಕುಗೊಳಿಸಿ ನೋಡಿತು, ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕಣ್ತೆರೆಸುವ ಅಧ್ಯಾಯ ಅದು. 2000ದಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಒಂದು ವರದಿ ಕೊಟ್ಟಿತು. ವಿದೇಶದಿಂದ ಬಂದಿಳಿದ ಅಮೆರಿಕನ್ ಪ್ರಜೆಗಳಲ್ಲಿ, ಮೈತಡವಿ ನೋಡಿದ ಮೇಲೆ ಎಕ್ಸ್‌ರೇಗೂ ಒಳಪಡುವ ಸಾಧ್ಯತೆ ಬಿಳಿ ಹೆಂಗಸರಿಗಿಂತ ಕಪ್ಪುವರ್ಣೀಯ ಹೆಂಗಸರಿಗೆ ಒಂಬತ್ತು ಪಟ್ಟು ಹೆಚ್ಚಾಗಿತ್ತು. ಅವರ ಬಳಿ ನಿಷಿದ್ಧ ವಸ್ತು ಸಿಗುವ ಪ್ರಮಾಣವೋ, ಬಿಳಿ ಹೆಂಗಸರ ಅರ್ಧಕ್ಕಿಂತಲೂ ಕಡಿಮೆ. ಅಷ್ಟರಲ್ಲಾಗಲೇ ಕಸ್ಟಮ್ಸ್ ಮುಖ್ಯಸ್ಥ ರೇಮಂಡ್ ಕೆಲ್ಲಿ ನಿಯಮ ಬದಲಿಸಿದ್ದರು. ಅಧಿಕಾರಿಗಳು ಬಳಸುತ್ತಿದ್ದ 43 ಅನುಮಾನದ ಲಕ್ಷಣಗಳನ್ನು ಆರಕ್ಕೆ ಇಳಿಸಿದರು. ಮೈಮೇಲಿನ ತಪಾಸಣೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕೆಂದರು. ಎರಡೇ ವರ್ಷದಲ್ಲಿ ತಪಾಸಣೆಗಳು ಮುಕ್ಕಾಲು ಪಾಲು ಕಡಿಮೆಯಾದವು, ಏನಾದರೂ ಸಿಗುವ ಪ್ರಮಾಣ ಶೇ. 5ಕ್ಕಿಂತ ಕಡಿಮೆ ಇದ್ದದ್ದು ಶೇ. 13 ದಾಟಿತು. ಬಣ್ಣದ ಮೇಲಿದ್ದ ಕಣ್ಣು ನಡವಳಿಕೆಯ ಮೇಲೆ ಬಿದ್ದಾಗ ಕಳ್ಳಸಾಗಣೆದಾರರು ಹೆಚ್ಚು ಕಂಡರು, ಅಷ್ಟೇ.

ಈ ಕೆಲ್ಲಿ ಮಹಾಶಯರೇ 2002ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಕಮಿಷನರ್ ಆದರು. ಅಲ್ಲಿ ನಡೆದದ್ದು ತದ್ವಿರುದ್ಧ. ಬೀದಿಯಲ್ಲಿ ಹೋಗುವವರನ್ನು ತಡೆದು ಮೈತಡವುವ ಪದ್ಧತಿ ವರ್ಷದಿಂದ ವರ್ಷಕ್ಕೆ ಏರಿ, 2011ರೊಂದರಲ್ಲೇ 6,85,724 ತಡೆಗಳಾದವು. ಪ್ರತಿ ತಡೆಗೂ ಪೊಲೀಸರು ಒಂದು ನಮೂನೆ ತುಂಬಬೇಕಿತ್ತು. ಅನುಮಾನಕ್ಕೆ ಕಾರಣ ಎಂಬಲ್ಲಿ ಸುಮ್ಮನೆ ಗೀಟು ಹಾಕಬಹುದಾದ ಚೌಕಗಳಿದ್ದವು. ಕಳ್ಳಚಲನೆ ಎಂಬ ಅರ್ಥದ ಚೌಕಕ್ಕೆ ಬಲು ಬೇಡಿಕೆ. ಏನು ಚಲನೆ, ಹೇಗೆ ಕಳ್ಳತನದ್ದು ಎಂದು ಬರೆಯುವ ಗೋಜಿಲ್ಲ. ಪ್ರಕರಣ ಫೆಡರಲ್ ಕೋರ್ಟಿಗೆ ಹೋಯಿತು, ನ್ಯಾಯಾಧೀಶೆ ಶೀರಾ ಶೈಂಡ್ಲಿನ್ 2013ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. 2004ರಿಂದ 2012ರ ನಡುವಿನ 44 ಲಕ್ಷ ತಡೆಗಳಲ್ಲಿ ಶೇ. 52 ಕಪ್ಪುವರ್ಣೀಯರು, ಶೇ. 31 ಹಿಸ್ಪಾನಿಕ್ ಮೂಲದವರು, ಶೇ. 10 ಬಿಳಿಯರು. ನಗರದ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರ ಪಾಲು ಶೇ. 23. ಇನ್ನು ಪರಿಣಾಮ: ಶೇ. 88 ತಡೆಗಳಲ್ಲಿ ಮುಂದೆ ಯಾವ ಕ್ರಮವೂ ಇಲ್ಲ, ಬಿಟ್ಟುಕಳುಹಿಸಿದರು. ಮೈತಡವಿದ ನೂರು ಸಲದಲ್ಲಿ ಆಯುಧ ಸಿಕ್ಕಿದ್ದು ಒಂದೂವರೆ ಸಲ. ತಡೆದ ಬಿಳಿಯರ ಬಳಿ ಆಯುಧ ಸಿಕ್ಕ ಪ್ರಮಾಣ, ತಡೆದ ಕಪ್ಪುವರ್ಣೀಯರ ಬಳಿ ಸಿಕ್ಕದ್ದಕ್ಕಿಂತ ತುಸು ಹೆಚ್ಚೇ ಇತ್ತು.

ನಗರಾಡಳಿತದ ವಾದ ಮತ್ತೆ ಛೇದದ್ದೇ. ಅಪರಾಧಿಗಳ ಚಹರೆ ಹೇಳುವಾಗ ಸಂತ್ರಸ್ತರು ಹೆಚ್ಚಾಗಿ ಹೇಳುವುದು ಕಪ್ಪುವರ್ಣೀಯರೆಂದೇ, ನಾವು ತಡೆಯುವುದೂ ಅದೇ ಪ್ರಮಾಣದಲ್ಲಿ ಎಂದರು. ನ್ಯಾಯಾಧೀಶರು ಒಪ್ಪಲಿಲ್ಲ. ತಡೆದ ಹತ್ತು ಜನರಲ್ಲಿ ಹತ್ತಿರಹತ್ತಿರ ಒಂಬತ್ತು ಜನ ನಿರಪರಾಧಿಗಳಾಗಿರುವಾಗ ಅಪರಾಧಿಗಳ ಪಟ್ಟಿಯನ್ನು ಅವರಿಗೆ ಅಳತೆಯಾಗಿಸುವುದು ಹೇಗೆ? ತೀರ್ಪಿನ ಸುತ್ತಮುತ್ತಲ ವರ್ಷಗಳಲ್ಲಿ ತಡೆಗಳು ಕುಸಿದು 2014ರಲ್ಲಿ 46,000ದ ಆಸುಪಾಸಿಗೆ ಬಂದವು. ಅಪರಾಧ ಭುಗಿಲೇಳುತ್ತದೆ ಎಂದವರಿದ್ದರು. 2011ರಲ್ಲಿ 515 ಇದ್ದ ಕೊಲೆಗಳು 2017ರಲ್ಲಿ 292ಕ್ಕೆ ಇಳಿದವು. ತಡೆಗಳನ್ನು ಕಡಿಮೆ ಮಾಡಿದ್ದರಿಂದಲೇ ಕೊಲೆ ಇಳಿಯಿತು ಎಂದು ಯಾರೂ ಹೇಳಲಾರರು, ಅಪರಾಧ ಏರಿಳಿಯಲು ನೂರು ಕಾರಣ. ಆದರೆ ಆ ಲಕ್ಷಾಂತರ ತಡೆಗಳೇ ನಗರವನ್ನು ಕಾಯುತ್ತಿದ್ದವು ಎಂಬ ಮಾತಿಗೆ ಆಧಾರ ಉಳಿಯಲಿಲ್ಲ.

ದ್ವೇಷವೂ ಇಲ್ಲ, ಅಂದಾಜೂ ತಪ್ಪಿಲ್ಲ, ಒಂದು ಗುಂಪಿನಲ್ಲಿ ಅಪರಾಧದ ಸಾಧ್ಯತೆ ನಿಜವಾಗಿಯೂ ಹೆಚ್ಚು ಎಂದೇ ಇಟ್ಟುಕೊಳ್ಳೋಣ. ಆಗಲಾದರೂ ಪ್ರೊಫೈಲಿಂಗ್ ಲಾಭವೇ? 2009ರಲ್ಲಿ ವಿಲಿಯಂ ಪ್ರೆಸ್ ಎಂಬ ಗಣಕ ವಿಜ್ಞಾನಿ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಯಾರು ಬೇಕಾದರೂ ಪೆನ್ನು ಹಿಡಿದು ಪರೀಕ್ಷಿಸಬಹುದು. ಹತ್ತು ಜನರಿದ್ದಾರೆ, ಒಬ್ಬ ಅಪರಾಧಿ. ಒಬ್ಬನ ಮೇಲೆ ಮಾತ್ರ ಉಳಿದ ಒಬ್ಬೊಬ್ಬರಿಗಿಂತ ಒಂಬತ್ತು ಪಟ್ಟು ಅನುಮಾನ: ಅವನೇ ಅಪರಾಧಿಯಾಗುವ ಸಾಧ್ಯತೆ ಅರ್ಧ, ಉಳಿದ ಒಂಬತ್ತು ಜನರದ್ದು ತಲಾ ಹದಿನೆಂಟರಲ್ಲಿ ಒಂದು. ವಿಮಾನ ನಿಲ್ದಾಣದಲ್ಲಿ ನಡೆಯುವಂತೆ, ಹಿಂದೆ ಯಾರನ್ನು ನೋಡಿದ್ದೆವು ಎಂಬ ನೆನಪಿಲ್ಲದೆ ಪ್ರತಿಸಲ ಒಬ್ಬನನ್ನು ಆರಿಸಿ ತಪಾಸಣೆ ಮಾಡಬೇಕು. ಯಾರನ್ನೂ ಅನುಮಾನಿಸದೆ ಚೀಟಿ ಎತ್ತಿದರೆ ಅಪರಾಧಿ ಸಿಗಲು ಸರಾಸರಿ ಹತ್ತು ತಪಾಸಣೆ ಬೇಕು. ಈಗ ಅನುಮಾನದ ಪ್ರಮಾಣದಲ್ಲೇ ಆರಿಸಿ, ಅಂದರೆ ಆ ಒಬ್ಬನನ್ನು ಅರ್ಧದಷ್ಟು ಸಲ. ಅವನೇ ಅಪರಾಧಿಯಾದರೆ ಎರಡು ತಪಾಸಣೆ ಸಾಕು, ಬೇರೊಬ್ಬನಾದರೆ ಹದಿನೆಂಟು ಬೇಕು. ಸರಾಸರಿ ಮತ್ತೆ ಹತ್ತು! ಇಷ್ಟೆಲ್ಲ ಅನುಮಾನಪಟ್ಟು ಚೀಟಿ ಎತ್ತಿದವನಿಗಿಂತ ಒಂದಿಂಚೂ ಮುಂದೆ ಹೋದಂತಾಗಲಿಲ್ಲ. ಏಕೆಂದರೆ ಆ ಒಬ್ಬ ನಿರಪರಾಧಿಯಾಗಿದ್ದರೂ ಅವನನ್ನೇ ಮತ್ತೆ ಮತ್ತೆ ನಿಲ್ಲಿಸಿ ಹೊತ್ತು ಹಾಳುಮಾಡುತ್ತೀರಿ. ಪ್ರೆಸ್ ಹೇಳಿದ ಅತ್ಯುತ್ತಮ ಸೂತ್ರ ವರ್ಗಮೂಲದ್ದು. ಒಂಬತ್ತು ಪಟ್ಟು ಅನುಮಾನವಿದ್ದರೆ ಮೂರು ಪಟ್ಟು ಮಾತ್ರ ತಪಾಸಣೆ. ಆಗ ಸರಾಸರಿ ಎಂಟಕ್ಕೆ ಇಳಿಯುತ್ತದೆ. ಲಾಭವಿದೆ, ಆದರೆ ಅಲ್ಪ. ಅದೂ ಆ ಒಂಬತ್ತು ಎಂಬ ಅಂಕಿ ಕರಾರುವಾಕ್ಕಾಗಿ ಗೊತ್ತಿದ್ದಾಗ. ಗಸ್ತಿನಲ್ಲಿರುವ ಪೇದೆಗೆ ಅದು ಎಲ್ಲಿಂದ ಗೊತ್ತಾಗಬೇಕು?

ಠಾಣೆಯ ಹಳೆಯ ದಾಖಲೆಯಿಂದ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಆದರೆ ಆ ದಾಖಲೆಯಲ್ಲಿರುವುದು ಅಪರಾಧವಲ್ಲ, ಪೊಲೀಸರ ಕಣ್ಣಿಗೆ ಬಿದ್ದ ಅಪರಾಧ. ಊರಿನ ಎರಡು ಬಾವಿಗಳಲ್ಲಿ ಒಂದಕ್ಕಷ್ಟೇ ದಿನವೂ ಕೊಡ ಇಳಿಸಿ, ನೀರಿರುವುದು ಅದರಲ್ಲೇ ಎಂದು ಬರೆದಿಟ್ಟಂತೆ. 2016ರಲ್ಲಿ ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ ಓಕ್ಲೆಂಡ್‌ನ ಮಾದಕವಸ್ತು ಪ್ರಕರಣಗಳ ದಾಖಲೆಯನ್ನು, ಎಲ್ಲಿ ಅಪರಾಧ ನಡೆಯಲಿದೆ ಎಂದು ಭವಿಷ್ಯ ಹೇಳುವ ಗಣಕ ಸೂತ್ರವೊಂದಕ್ಕೆ ಉಣಿಸಿ ನೋಡಿದರು. ಸಮೀಕ್ಷೆಗಳನ್ನು ಆಧರಿಸಿದ ಅಂದಾಜಿನಲ್ಲಿ ಮಾದಕವಸ್ತು ಬಳಕೆ ಊರ ತುಂಬ ಹರಡಿತ್ತು. ಪೊಲೀಸ್ ದಾಖಲೆಯಲ್ಲಿ ಮಾತ್ರ ಅದು ಬಡವರೂ ಬಿಳಿಯರಲ್ಲದವರೂ ಇರುವ ಕೆಲವೇ ಬಡಾವಣೆಗಳಲ್ಲಿ ಗುಡ್ಡೆಯಾಗಿತ್ತು. ಸೂತ್ರ ಗಸ್ತನ್ನು ಮತ್ತೆ ಅಲ್ಲಿಗೇ ಕಳುಹಿಸಿತು. ಅಲ್ಲಿ ಗಸ್ತು ಹೆಚ್ಚಿದರೆ ಪ್ರಕರಣ ಹೆಚ್ಚುತ್ತದೆ, ಪ್ರಕರಣ ಹೆಚ್ಚಿದರೆ ಗಸ್ತು ಇನ್ನೂ ಹೆಚ್ಚುತ್ತದೆ. ಇಂಥ ತಂತ್ರಾಂಶ ಬಳಸುತ್ತಿದ್ದ ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಅದನ್ನು ಕೈಬಿಟ್ಟರು.

ಹಾಗಾದರೆ ಏನು ಮಾಡಿದರೆ ಫಲ ಸಿಗುತ್ತದೆ? ಪಾಠ ಹೇಳಿದರೆ ಅಷ್ಟಾಗಿ ಸಿಗುವುದಿಲ್ಲ. ಒಳಮನಸ್ಸಿನ ಪೂರ್ವಗ್ರಹದ ಬಗ್ಗೆ ನ್ಯೂಯಾರ್ಕ್ ಪೊಲೀಸರಿಗೆ ನೀಡಿದ ತರಬೇತಿಯ ಮೌಲ್ಯಮಾಪನ 2020ರಲ್ಲಿ ಬಂತು. ಪೊಲೀಸರ ತಿಳಿವಳಿಕೆ ಹೆಚ್ಚಿತ್ತು, ಬೀದಿಯಲ್ಲಿ ಯಾರನ್ನು ತಡೆಯುತ್ತಾರೆ ಎಂಬುದರಲ್ಲಿ ಬದಲಾವಣೆ ಕಾಣಲಿಲ್ಲ. ಅದೇ ಓಕ್ಲೆಂಡ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಜೆನಿಫರ್ ಎಬರ್ಹಾರ್ಟ್ ಅವರೊಂದಿಗೆ ಕೆಲಸ ಮಾಡುತ್ತ ಪೊಲೀಸರು ಸಣ್ಣದೊಂದು ಬದಲಾವಣೆ ಮಾಡಿಕೊಂಡರು. ತಡೆದಾಗ ತುಂಬುವ ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿತು: ಈ ವ್ಯಕ್ತಿಯನ್ನು ನಿರ್ದಿಷ್ಟ ಅಪರಾಧಕ್ಕೆ ಜೋಡಿಸುವ ಮಾಹಿತಿ ಮೊದಲೇ ಇತ್ತೇ, ಹೌದೋ ಅಲ್ಲವೋ. 2017ರಲ್ಲಿ ಸುಮಾರು 32,000 ಇದ್ದ ತಡೆಗಳು ಮರುವರ್ಷ 19,000ಕ್ಕೆ ಬಂದವು. ಕಪ್ಪುವರ್ಣೀಯರನ್ನು ತಡೆಯುವುದು ಶೇ. 43ರಷ್ಟು ಇಳಿಯಿತು. ಸ್ಪೇನಿನ ಫುಯೆನ್ಲಬ್ರಾದಾ ಪಟ್ಟಣದಲ್ಲೂ ತಡೆದಾಗಲೆಲ್ಲ ಚೀಟಿ ಬರೆಯುವ ಪದ್ಧತಿ ತಂದಾಗ ತಿಂಗಳಿಗೆ 958 ಇದ್ದ ತಡೆಗಳು 396ಕ್ಕೆ ಇಳಿದವು, ಫಲ ಸಿಗುವ ಪ್ರಮಾಣ ಶೇ. 6ರಿಂದ 17ಕ್ಕೆ ಏರಿತು. ಕಾರಣ ಬರೆಯಬೇಕಾಗಿ ಬಂದಾಗ ಮನುಷ್ಯ ಕಾರಣ ಹುಡುಕುತ್ತಾನೆ, ಸಿಗದಿದ್ದರೆ ಕೈಬಿಡುತ್ತಾನೆ.

ತಡೆದ ಮೇಲೆ ಆಡುವ ಮಾತೂ ಲೆಕ್ಕಕ್ಕೆ ಸಿಗುತ್ತದೆ. ಓಕ್ಲೆಂಡ್ ಪೊಲೀಸರ ಎದೆಗೆ ಸಿಕ್ಕಿಸಿದ ಕ್ಯಾಮೆರಾಗಳಲ್ಲಿ ಒಂದು ತಿಂಗಳಲ್ಲಿ ದಾಖಲಾದ 981 ವಾಹನ ತಡೆಗಳ ಸಂಭಾಷಣೆಯನ್ನು 2017ರಲ್ಲಿ ಭಾಷಾವಿಜ್ಞಾನಿಗಳು ವಿಶ್ಲೇಷಿಸಿದರು. ಬಿಳಿಯರ ಜೊತೆ ಮಾತಾಡುವಾಗ 'ಸರ್', 'ಮ್ಯಾಡಮ್', 'ಕ್ಷಮಿಸಿ' ಹೆಚ್ಚು. ಕಪ್ಪುವರ್ಣೀಯರ ಜೊತೆ ಸಲುಗೆಯ ಸಂಬೋಧನೆ, ಕೈ ಸ್ಟಿಯರಿಂಗ್ ಮೇಲಿಡು ಎಂಬ ಧಾಟಿ ಹೆಚ್ಚು. ಪೊಲೀಸ್ ಅಧಿಕಾರಿ ಯಾವ ಬಣ್ಣದವನಾದರೂ ಈ ಅಂತರ ಇದ್ದೇ ಇತ್ತು. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಚೆಕ್‌ಪೋಸ್ಟಿನಲ್ಲಿ ಕಾರಿನವರಿಗೆ 'ಸಾರ್, ಸ್ವಲ್ಪ ಸೈಡಿಗೆ ಹಾಕಿ' ಎನ್ನುವ ಅದೇ ಬಾಯಿ, ಹಿಂದೆ ಬಂದ ಲಡಾಸು ಬೈಕಿನವನಿಗೆ 'ಏಯ್, ಗಾಡಿ ನಿಲ್ಸೋ' ಎನ್ನುತ್ತದೆ. ಮಾತಿನ ಈ ಮರ್ಯಾದೆ ಕೇವಲ ಶಿಷ್ಟಾಚಾರದ ವಿಷಯವಲ್ಲ. ಶಿಕ್ಷೆಯ ಭಯಕ್ಕಿಂತ, ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರು ಎಂಬ ಭಾವನೆಯೇ ಜನ ಕಾನೂನು ಪಾಲಿಸಲು ದೊಡ್ಡ ಕಾರಣ ಎಂದು ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1990ರಲ್ಲೇ ತೋರಿಸಿದ್ದರು. ಅವಮಾನಗೊಂಡವನು ಮುಂದೆ ಸಾಕ್ಷಿ ಹೇಳಲು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ.

ಅಮೆರಿಕದ ಅನುಮಾನದ ಗಾಳಿ ನಮ್ಮವರಿಗೂ ತಾಗಿದೆ. 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದಲ್ಲಿ ಮಗನ ಮನೆಗೆ ಬಂದಿದ್ದ ಗುಜರಾತಿನ 57 ವರ್ಷದ ರೈತರೊಬ್ಬರು ಬೆಳಿಗ್ಗೆ ಬೀದಿಯಲ್ಲಿ ನಡೆದಾಡುತ್ತಿದ್ದರು. ಯಾರೋ ಒಬ್ಬ ಸಣಕಲು ಕರಿಯ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಪಾರ್ಶ್ವವಾಯು ಬಡಿಯಿತು. ಆ ಪೊಲೀಸನ ಮೇಲಿನ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ, ಬೆಳಗಿನ ವಾಕಿಂಗ್ ಬಿಡದ ನಮ್ಮ ಮೈಸೂರು, ಬೆಂಗಳೂರಿನ ತಂದೆತಾಯಿಗಳಿಗೆ ಈ ಸುದ್ದಿ ಎಷ್ಟು ಹತ್ತಿರದ್ದು ಎಂದು ಬೇರೆ ಹೇಳಬೇಕೆ?

ನಾವೇನು ಕಡಿಮೆಯವರಲ್ಲ. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡುವ ಕಾನೂನು 1871ರಲ್ಲಿ ಬ್ರಿಟಿಷರು ತಂದದ್ದು ಈ ನೆಲದಲ್ಲೇ. ನಮ್ಮ ಕೊರಮ, ಕೊರಚರಂಥ ಅಲೆಮಾರಿಗಳು ಅದರ ಬಲೆಗೆ ಬಿದ್ದವರು. ನಿಗದಿತ ಹೊತ್ತಿಗೆ ಪೊಲೀಸರೆದುರು ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಇಂಥವರನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಜಾಗವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು, ಆದರೆ ಅದರ ಬೆನ್ನಿಗೇ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮದು 1961ರದು. ಕಾನೂನು ಬದಲಾದಷ್ಟು ಬೇಗ ಕಣ್ಣು ಬದಲಾಗುವುದಿಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ 21 ರಾಜ್ಯಗಳ ಸುಮಾರು 12,000 ಪೊಲೀಸರನ್ನು ಮಾತಾಡಿಸಿದಾಗ, ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುತ್ತಾರೆ ಎಂಬ ಮಾತನ್ನು ಹೆಚ್ಚೋ ಕಡಿಮೆಯೋ ಒಪ್ಪಿದವರು ಅರ್ಧದಷ್ಟು ಮಂದಿ.

2024ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಪ್ರಕರಣದಲ್ಲಿ, ಹಿಂದುಳಿದ ಮತ್ತು ಪರಿಶಿಷ್ಟ ಸಮುದಾಯಗಳ ಜನರ ಮೇಲೆ ಕೇವಲ ಪೂರ್ವಗ್ರಹದಿಂದ ಹಿಸ್ಟರಿ ಶೀಟ್ (ಪೊಲೀಸರ ನಿಗಾ ಹಾಳೆ) ತೆರೆಯುವ ಅಭ್ಯಾಸವನ್ನು ಎತ್ತಿಹೇಳಿ, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ಮತ್ತೆ ನೋಡಬೇಕೆಂದಿತು. ಹಿರಿಯ ಅಧಿಕಾರಿಯೊಬ್ಬರು ಆ ಹಾಳೆಗಳನ್ನು ಆಗಾಗ ಪರಿಶೀಲಿಸಬೇಕು ಎಂಬುದೂ ಅದರಲ್ಲಿದೆ. ಒಳ್ಳೆಯ ಹೆಜ್ಜೆ. ಆದರೆ ಆ ಅಧಿಕಾರಿಯ ಮೇಜಿನ ಮೇಲೆ ಬರುವುದು ಹಿಸ್ಟರಿ ಶೀಟಿನಲ್ಲಿ ಹೆಸರಿದ್ದವರ ಲೆಕ್ಕ ಮಾತ್ರ. ರಾತ್ರಿ ನಾಕಾಬಂದಿಯಲ್ಲಿ ತಡೆದು, ಬ್ಯಾಗು ತೆಗೆಸಿ, ಮೊಬೈಲು ತೋರಿಸು ಎಂದು, ಏನೂ ಸಿಗದೆ ಬಿಟ್ಟುಕಳುಹಿಸಿದವರು ಯಾರು, ಎಷ್ಟು ಜನ, ಯಾವ ಕಾರಣಕ್ಕೆ ತಡೆದದ್ದು ಎಂದು ಬರೆದಿಡುವ ನಮೂನೆ ನಮ್ಮ ಪೊಲೀಸರ ಕೈಯಲ್ಲಿಲ್ಲ. ಲ್ಯಾಂಬರ್ತ್ ಅವರಂತೆ ಯಾರಾದರೂ ಇಲ್ಲಿ ಲೆಕ್ಕಕ್ಕೆ ಕೂತರೆ ಛೇದ ಹಾಗಿರಲಿ, ಅಂಶವೇ ಸಿಗುವುದಿಲ್ಲ.